ಆಜ್ಞೆಯ ನುಡಿ, ಒಡನಾಟದ ನುಡಿ: ಕನ್ನಡೇತರರ ಕನ್ನಡ ಕಲಿಕೆಯ ಚರಿತ್ರೆ ಮತ್ತು ಬಾಶೆಟ್ಟಿಹಳ್ಳಿ

ಪೀಠಿಕೆ

ಕನ್ನಡ ಭಾಷೆಯ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಶಾಸನ, ಕಾವ್ಯ, ವ್ಯಾಕರಣ ಮತ್ತು ಆಡಳಿತ ಎಂಬ ನಾಲ್ಕು ನೆಲೆಗಳಲ್ಲಿ ನಡೆದಿವೆ. ಹೊರಗಿನಿಂದ ಬಂದವರು ಈ ಭಾಷೆಯನ್ನು ಹೇಗೆ ಕಲಿತರು, ಯಾರಿಂದ ಕಲಿತರು, ಯಾವ ಬಗೆಯ ಕಲಿಕೆ ಫಲ ಕೊಟ್ಟಿತು ಎಂಬ ಪ್ರಶ್ನೆಗಳಿಗೆ ಈ ಚರಿತ್ರೆಯಲ್ಲಿ ದೊರೆತಿರುವ ಸ್ಥಳ ಚಿಕ್ಕದು. ಮಿಷನರಿಗಳ ಸೇವೆಯನ್ನು ಕೊಂಡಾಡುವಾಗ ಅವರು ರಚಿಸಿದ ಗ್ರಂಥಗಳ ಪಟ್ಟಿಯನ್ನು ಕೊಡಲಾಗುತ್ತದೆ. ಆ ಗ್ರಂಥಗಳನ್ನು ರಚಿಸುವ ಮೊದಲು ಅವರೂ ಒಂದು ದಿನ ಕನ್ನಡದ ಒಂದು ಮಾತನ್ನೂ ಅರಿಯದವರಾಗಿದ್ದರು ಎಂಬುದು ಮರೆಯಾಗುತ್ತದೆ.

ಈ ಪ್ರಶ್ನೆಗೆ ಇಂದು ಹೊಸ ತುರ್ತು ಬಂದಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು ಮೂರನೆಯ ಎರಡು ಭಾಗ. ಉಳಿದವರಲ್ಲಿ ತಲೆಮಾರುಗಳಿಂದ ಇಲ್ಲಿಯೇ ನೆಲೆಸಿ ಕನ್ನಡವನ್ನು ಎರಡನೆಯ ನುಡಿಯಾಗಿ ಆಡುವವರೂ ಇದ್ದಾರೆ, ಉದ್ಯೋಗಕ್ಕಾಗಿ ಈಚೆಗೆ ಬಂದವರೂ ಇದ್ದಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯಂಥ ಕೈಗಾರಿಕಾ ನೆಲೆಗಳಲ್ಲಿ ಈ ಎರಡನೆಯ ವರ್ಗ ದೊಡ್ಡದು. ಕನ್ನಡ ಕಲಿಸುವ ಪುಸ್ತಕಗಳು ಇನ್ನೂರು ವರ್ಷಗಳಿಂದ ಬರುತ್ತಿದ್ದರೂ ಅವು ಯಾರನ್ನು ಮನಸ್ಸಿನಲ್ಲಿಟ್ಟು ರಚಿತವಾದವು ಎಂದು ಕೇಳಿದರೆ, ಬಾಶೆಟ್ಟಿಹಳ್ಳಿಯ ಕಾರ್ಖಾನೆಯ ಕೆಲಸಗಾರ ಆ ಸಾಲಿನಲ್ಲಿ ಕಾಣಸಿಗುವುದು ಅಪೂರ್ವ. ಈ ಕೊರತೆಯ ಮೂಲವನ್ನು ಕಲಿಕೆಯ ಚರಿತ್ರೆಯಲ್ಲಿ ಗುರುತಿಸುವುದೂ, ಆ ಚರಿತ್ರೆಯಲ್ಲಿಯೇ ಇರುವ ಪರಿಹಾರದ ಎಳೆಗಳನ್ನು ಎತ್ತಿ ತೋರಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ಪಂಡಿತರ ದಾರಿ, ಅಧಿಕಾರಿಗಳ ದಾರಿ

ಕನ್ನಡದ ಪ್ರಾಚೀನ ವ್ಯಾಕರಣಗಳು ಭಾಷೆಯನ್ನು ಹೊಸದಾಗಿ ಕಲಿಯುವವರಿಗಾಗಿ ಹುಟ್ಟಿದವಲ್ಲ. ಎರಡನೆಯ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ ಸಂಸ್ಕೃತ ಸೂತ್ರಗಳಲ್ಲಿದೆ. 1604ರಲ್ಲಿ ಪೂರ್ಣಗೊಂಡ ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ವೂ ಸಂಸ್ಕೃತದಲ್ಲಿಯೇ ಇದೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ಕನ್ನಡದಲ್ಲಿ ರಚಿತವಾದರೂ ಅದರ ಓದುಗ ಕನ್ನಡವನ್ನು ಮೊದಲೇ ಬಲ್ಲವನು. ಶುದ್ಧವಾದ ಕಾವ್ಯಭಾಷೆಯನ್ನು ಸಾಧಿಸಬಯಸುವವನು. ಹೀಗೆ ಪರಂಪರೆಯ ವ್ಯಾಕರಣ ಕವಿಗಳಿಗೂ ಪಂಡಿತರಿಗೂ ಮೀಸಲಾಗಿತ್ತು. ಸಂತೆಗೆ ಬಂದ ವ್ಯಾಪಾರಿ, ವಲಸೆ ಬಂದ ನೇಕಾರ, ದಂಡಿನೊಡನೆ ಬಂದ ಸಿಪಾಯಿ ಕನ್ನಡವನ್ನು ಕಲಿತದ್ದು ಪುಸ್ತಕದಿಂದಲ್ಲ, ಬಳಕೆಯಿಂದ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಈ ಸ್ಥಿತಿ ಬದಲಾಯಿತು. ಕನ್ನಡ ನಾಡಿನ ಭಾಗಗಳು ಈಸ್ಟ್ ಇಂಡಿಯಾ ಕಂಪನಿಯ ನೇರ ಆಡಳಿತಕ್ಕೆ ಸೇರಿದವು. ಕಂದಾಯ ನಿಗದಿ, ನ್ಯಾಯ ವಿಚಾರಣೆ, ಅರ್ಜಿಗಳ ವಿಲೇವಾರಿ ಇವುಗಳಿಗೆ ಅಧಿಕಾರಿಗಳು ದೇಶಭಾಷೆಗಳನ್ನು ಕಲಿಯಬೇಕಾಯಿತು. ಮದರಾಸಿನಲ್ಲಿ 1812ರಲ್ಲಿ ಸ್ಥಾಪಿತವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಕಂಪನಿಯ ಕಿರಿಯ ನೌಕರರಿಗೆ ದಕ್ಷಿಣದ ಭಾಷೆಗಳ ಪಾಠ ನಡೆಯುತ್ತಿತ್ತು. ಮುನ್ಷಿಗಳು ಕಲಿಸುತ್ತಿದ್ದರು; ಪರೀಕ್ಷೆಗಳಿದ್ದವು; ಭಾಷೆಯಲ್ಲಿ ಪ್ರಾವೀಣ್ಯ ತೋರಿದವರಿಗೆ ಹಣದ ಪ್ರೋತ್ಸಾಹವೂ ಇತ್ತು.

ಈ ಅಗತ್ಯದಿಂದಲೇ ಆಧುನಿಕ ಕಾಲದ ಮೊದಲ ಕಲಿಕೆಯ ಗ್ರಂಥಗಳು ಬಂದವು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಜಾನ್ ಮೆಕೆರೆಲನ ವ್ಯಾಕರಣ 1820ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲಿಯೂ ಹೊರತಂದನು. ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಪಂಡಿತರಾಗಿದ್ದ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ 1838ರಲ್ಲಿ ಬಂತು. ಹೆಸರಿನಲ್ಲಿಯೇ ‘ಹೊಸಗನ್ನಡ’ ಎಂಬ ಮಾತನ್ನು ಇಟ್ಟುಕೊಂಡ ಈ ಕೃತಿ, ಕಲಿಸುವ ಕೆಲಸದಲ್ಲಿ ತೊಡಗಿದ ಪಂಡಿತನೊಬ್ಬನು ಹಳಗನ್ನಡದ ಸೂತ್ರಗಳಿಂದ ತನ್ನ ಕಾಲದ ಭಾಷೆಯತ್ತ ತಿರುಗಲೇಬೇಕಾಯಿತು ಎಂಬುದಕ್ಕೆ ಸಾಕ್ಷಿಯಾಗಿದೆ.

ಈ ಗ್ರಂಥಗಳಲ್ಲಿ ಎರಡು ಬಗೆಯ ದೂರಗಳಿವೆ. ಮೊದಲನೆಯದು ಸ್ಥಳದ ದೂರ. ಕೇರಿ ಕನ್ನಡ ನಾಡಿನಲ್ಲಿ ನೆಲೆಸಿದವನಲ್ಲ. ಶ್ರೀರಾಮಪುರದಲ್ಲಿದ್ದುಕೊಂಡು ಪಂಡಿತರ ನೆರವಿನಿಂದ ಭಾಷೆಯ ಚೌಕಟ್ಟನ್ನು ಅರಿತವನು. ಅದೇ ಕಾಲದಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಬಳ್ಳಾರಿಯಲ್ಲಿ ನೆಲೆಸಿ ಜನರ ನಡುವೆ ಭಾಷೆಯನ್ನು ಕಲಿಯುತ್ತಿದ್ದನು. ಎರಡನೆಯದು ಅಂತಸ್ತಿನ ದೂರ. ಕಂಪನಿಯ ಅಧಿಕಾರಿಗೆ ಬೇಕಾದ ಭಾಷೆ ವಿಚಾರಿಸುವ, ಅಪ್ಪಣೆ ಕೊಡುವ, ತೀರ್ಮಾನ ಹೇಳುವ ಭಾಷೆ. ಉತ್ತರ ಭಾರತದಲ್ಲಿ ಐರೋಪ್ಯರಿಗಾಗಿ ರಚಿತವಾದ ಹಿಂದೂಸ್ತಾನಿ ಕೈಪಿಡಿಗಳಲ್ಲಿ ಆಳುಗಳಿಗೆ ಕೊಡುವ ಅಪ್ಪಣೆಗಳೇ ತುಂಬಿದ್ದವೆಂಬುದು ಪ್ರಸಿದ್ಧ ಸಂಗತಿ. ಆಜ್ಞೆಗಾಗಿ ಕಲಿತ ನುಡಿಗೆ ಕೇಳುವ ಕಿವಿ ಇರುವುದಿಲ್ಲ. ಅದು ಕೆಲಸಕ್ಕೆ ಸಾಕಾಗುತ್ತದೆ. ಆದರೆ ಕೆಲಸ ಮುಗಿದ ಕೂಡಲೇ ನಿಂತುಹೋಗುತ್ತದೆ.

ಗಾದೆ, ಹಾಡು, ನಿಘಂಟು

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬೇರೊಂದು ಮಾದರಿ ಕಾಣಿಸಿಕೊಂಡಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದನು. ನಾಡಿಗೆ ಬಂದು ಏಳು ವರ್ಷಗಳಾಗುವಷ್ಟರಲ್ಲಿ ಹೊರಗಿನವನೊಬ್ಬನು ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ನಡೆಸುವಷ್ಟು ಭಾಷೆಯನ್ನು ವಶಪಡಿಸಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಅವನ ಆಸಕ್ತಿಯ ಕ್ಷೇತ್ರಗಳನ್ನು ಗಮನಿಸಿದರೆ ಇದರ ಕಾರಣ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಅವನು ಕನ್ನಡ ಗಾದೆಗಳನ್ನು ಸಂಗ್ರಹಿಸಿದನು, ದಾಸರ ಪದಗಳನ್ನು ಅಚ್ಚು ಹಾಕಿಸಿದನು, ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಪ್ರಾಚೀನ ಕಾವ್ಯಗಳನ್ನು ಪ್ರಕಟಿಸಿದನು. ಇವನ್ನು ಸಾಹಿತ್ಯ ಸೇವೆಯೆಂದು ಮಾತ್ರ ನೋಡುವುದು ರೂಢಿ. ಇವು ಒಬ್ಬ ಕಲಿಯುವವನ ಅಭ್ಯಾಸದ ಹೊತ್ತಗೆಗಳೂ ಆಗಿದ್ದವು ಎಂಬುದನ್ನು ಗಮನಿಸಬೇಕು.

ಭಾಷೆ ಕಲಿಯುವವನಿಗೆ ಗಾದೆ ಏಕೆ ಉಪಯುಕ್ತ ಎಂಬುದನ್ನು ಒಂದೆರಡು ಉದಾಹರಣೆಗಳಿಂದ ತಿಳಿಯಬಹುದು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯಲ್ಲಿ ನಾಲ್ಕೇ ಪದಗಳಿವೆ. ಅದನ್ನು ನೆನಪಿನಲ್ಲಿಟ್ಟುಕೊಂಡವನಿಗೆ ‘ಆದರೆ’ ಎಂಬ ಪಕ್ಷಾರ್ಥದ ರೂಪ ತಾನಾಗಿಯೇ ವಶವಾಗುತ್ತದೆ; ಕ್ರಿಯಾಪದವಿಲ್ಲದೆಯೂ ಕನ್ನಡ ವಾಕ್ಯ ಪೂರ್ಣವಾಗಬಲ್ಲದೆಂಬುದು ತಿಳಿಯುತ್ತದೆ; ಕೈ, ಬಾಯಿ, ಕೆಸರು, ಮೊಸರು ಎಂಬ ದಿನಬಳಕೆಯ ಪದಗಳು ಪ್ರಾಸದ ಬಲದಿಂದ ಉಳಿಯುತ್ತವೆ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದರಲ್ಲಿ ‘ಬಲ್ಲವನು’ ಎಂಬ ಕೃದಂತ ನಾಮವೂ, ಚತುರ್ಥಿ ವಿಭಕ್ತಿಯೂ, ‘ಇಲ್ಲ’ ಎಂಬ ನಿಷೇಧವೂ ಒಟ್ಟಿಗೆ ಇವೆ. ವ್ಯಾಕರಣ ಪುಸ್ತಕದಲ್ಲಿ ಮೂರು ಅಧ್ಯಾಯಗಳಲ್ಲಿ ಹಂಚಿಹೋಗುವ ವಿಷಯ ಒಂದು ಉಸಿರಿನ ಮಾತಿನಲ್ಲಿ ಸಿಗುತ್ತದೆ. ಅಷ್ಟೇ ಅಲ್ಲ, ಸಮಯಕ್ಕೆ ಸರಿಯಾಗಿ ಗಾದೆಯೊಂದನ್ನು ಆಡಿದ ಹೊರಗಿನವನನ್ನು ಕೇಳುಗರು ಮೆಚ್ಚುಗೆಯಿಂದ ನೋಡುತ್ತಾರೆ. ಕಲಿಕೆಗೆ ಈ ಮೆಚ್ಚುಗೆಗಿಂತ ದೊಡ್ಡ ಉತ್ತೇಜನವಿಲ್ಲ.

1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಈ ದಾರಿಯನ್ನು ಮತ್ತಷ್ಟು ಮುಂದುವರಿಸಿದನು. 1862ರಲ್ಲಿ ಪ್ರಕಟವಾದ ‘ಕಥಾಮಾಲೆ’ಯಲ್ಲಿ ಅವನು ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದನು. ಛಂದಸ್ಸು ಕಿವಿಯ ವಿದ್ಯೆ. ಹ್ರಸ್ವ ದೀರ್ಘಗಳ ಭೇದವನ್ನು ಮಾತ್ರೆಗಳಲ್ಲಿ ಎಣಿಸಿ ಬರೆಯಬಲ್ಲವನಿಗೆ ಉಚ್ಚಾರಣೆಯ ಸೂಕ್ಷ್ಮಗಳು ತಪ್ಪುವುದು ಕಡಿಮೆ. 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ‘ಛಂದೋಂಬುಧಿ’ಯನ್ನೂ ಸಂಪಾದಿಸಿದ ಕಿಟ್ಟೆಲನ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳ ಈ ನಿಘಂಟಿನಲ್ಲಿ ಕಾವ್ಯಪ್ರಯೋಗಗಳ ಜೊತೆಗೆ ಆಡುಮಾತಿನ ಪ್ರಯೋಗಗಳಿಗೂ ಗಾದೆಗಳಿಗೂ ಸ್ಥಾನವಿದೆ. ಮೈಸೂರು ಸೀಮೆಯ ಬಳಕೆ, ದಕ್ಷಿಣ ಮರಾಠಾ ಸೀಮೆಯ ಬಳಕೆ ಎಂಬ ಪ್ರಾದೇಶಿಕ ಸೂಚನೆಗಳಿವೆ. ಪ್ರತಿಯೊಂದು ಪದವೂ ಎಲ್ಲಿಯೋ ಯಾರದೋ ಬಾಯಲ್ಲಿ ಕೇಳಿದ್ದು ಎಂಬ ಅರಿವು ಈ ಕೆಲಸದ ಹಿಂದೆ ಇದೆ. ಅವನ ಕನ್ನಡ ವ್ಯಾಕರಣ 1903ರಲ್ಲಿ, ಅವನು ತೀರಿಕೊಂಡ ವರ್ಷವೇ ಪ್ರಕಟವಾಯಿತು.

ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ರಚಿಸಿದ ಪ್ರಾಥಮಿಕ ವ್ಯಾಕರಣವು ಇದೇ ಕಾಲಘಟ್ಟದ್ದು. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವು ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದ್ದು 1905ರಲ್ಲಿ ಹೊರಬಂತು. ಪ್ರಸ್ತುತ ವಿಷಯಕ್ಕೆ ಈ ಸಂಪುಟ ಇನ್ನೊಂದು ಕಾರಣದಿಂದ ಮುಖ್ಯ. ಕನ್ನಡ ಶಾಸನಗಳ ಜೊತೆಗೆ ತಮಿಳು ಶಾಸನಗಳೂ ಅದರಲ್ಲಿ ಹೇರಳವಾಗಿವೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸೀಮೆ ಒಂದೇ ಭಾಷೆಯ ಸೀಮೆಯಾಗಿ ಎಂದೂ ಇರಲಿಲ್ಲವೆಂಬುದಕ್ಕೆ ಕಲ್ಲಿನ ಸಾಕ್ಷ್ಯವೇ ಇದೆ.

ಮನೆಮಾತು ಬೇರೆಯಾದವರ ಕನ್ನಡ

ವಿದೇಶೀಯರ ಕಲಿಕೆಯ ಕಥೆ ದಾಖಲೆಗಳಲ್ಲಿ ಎದ್ದು ಕಾಣುತ್ತದೆ. ಆದರೆ ಅದಕ್ಕಿಂತ ವ್ಯಾಪಕವಾದುದು ನಾಡಿನೊಳಗಣ ಕಲಿಕೆ. ಆಧುನಿಕ ಕನ್ನಡ ಸಾಹಿತ್ಯದ ಹಲವು ಪ್ರಮುಖರ ಮನೆಮಾತು ಕನ್ನಡವಲ್ಲ. ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ ವೆಂಕಟೇಶ ಅಯ್ಯಂಗಾರರದು ತಮಿಳು. ಪಂಜೆ ಮಂಗೇಶರಾಯರ, ಮಂಜೇಶ್ವರದ ಗೋವಿಂದ ಪೈಗಳ ಮತ್ತು ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ. ಇವರಲ್ಲಿ ಮೂವರು ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಮಕ್ಕಳಿಗಾಗಿ ಕನ್ನಡದಲ್ಲಿ ಕಥೆ, ಪದ್ಯಗಳನ್ನು ರಚಿಸಿ ತಲೆಮಾರುಗಳ ನಾಲಗೆಯಲ್ಲಿ ನೆಲೆಸಿದ ಪಂಜೆಯವರು ಕೊಂಕಣಿ ಮನೆಯವರೆಂಬುದು ವಿಶೇಷವಾಗಿ ನೆನೆಯತಕ್ಕದ್ದು. ‘ರತ್ನನ ಪದಗಳು’ ಬರೆದು ಹಳೆಯ ಮೈಸೂರಿನ ದುಡಿಯುವ ಜನರ ಆಡುನುಡಿಯನ್ನು ಕಾವ್ಯಕ್ಕೆ ತಂದ ಜಿ.ಪಿ. ರಾಜರತ್ನಂ ಅವರ ಮನೆಮಾತು ತಮಿಳು.

ಬೀದಿ, ಶಾಲೆ, ಗೆಳೆತನ, ಭಜನೆ, ನಾಟಕ ಇವುಗಳಲ್ಲಿ ದೊರೆತ ಕನ್ನಡ ಇವರದು. ಇಲ್ಲಿ ಮನೆಮಾತನ್ನು ಬಿಟ್ಟುಕೊಡಬೇಕೆಂಬ ಒತ್ತಾಯವಿರಲಿಲ್ಲ. ಬೇಂದ್ರೆಯವರು ಮರಾಠಿಯಲ್ಲಿಯೂ ಬರೆದರು. ಒಂದು ನುಡಿಯನ್ನು ಕಲಿಯಲು ಇನ್ನೊಂದನ್ನು ಕಳೆದುಕೊಳ್ಳಬೇಕಿಲ್ಲ ಎಂಬುದು ಈ ನಾಡಿನ ಅನುಭವ.

ಗಡಿನಾಡಿನಲ್ಲಿ ಈ ಅನುಭವ ಭಾಷೆಯ ರಚನೆಯಲ್ಲಿಯೇ ಅಚ್ಚೊತ್ತಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ಜೈನರು ಕನ್ನಡವನ್ನೂ ಮುಸಲ್ಮಾನರು ಉರ್ದುವನ್ನೂ ಉಳಿಸಿಕೊಂಡಿದ್ದರು. ಊರಿನ ವ್ಯವಹಾರಕ್ಕೆ ಮರಾಠಿ ಬಳಕೆಯಾಗುತ್ತಿತ್ತು. ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರವಾಗಿತ್ತೆಂದರೆ, ಪದಗಳನ್ನು ಮಾತ್ರ ಬದಲಿಸಿ ಒಂದರಿಂದ ಇನ್ನೊಂದಕ್ಕೆ ಸಾಗುವುದು ಸಾಧ್ಯವಾಗಿತ್ತು. ಯಾವ ಪಠ್ಯಪುಸ್ತಕದ ಹಂಗೂ ಇಲ್ಲದೆ ನಡೆದ ಕಲಿಕೆ ಇದು. ಮಾತಾಡುವ ಎರಡೂ ಕಡೆಯವರು ಒಂದೊಂದು ಹೆಜ್ಜೆ ಮುಂದೆ ಬಂದದ್ದರಿಂದ ಇದು ಸಾಧ್ಯವಾಯಿತು.

ಆಡುಮಾತಿನ ಪಠ್ಯಗಳು

ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಕನ್ನಡ ಬೋಧನೆ ಶಾಸ್ತ್ರೀಯ ಆಸಕ್ತಿಯ ವಿಷಯವಾಯಿತು. ಬರೆಹದ ಕನ್ನಡಕ್ಕೂ ಆಡುವ ಕನ್ನಡಕ್ಕೂ ಇರುವ ಅಂತರವೇ ಹೊಸ ಕಲಿಕೆಗಾರನ ಮೊದಲ ತೊಡಕು. ಪುಸ್ತಕದ ‘ಬರುತ್ತೇನೆ’ ಬೆಂಗಳೂರಿನ ಬೀದಿಯಲ್ಲಿ ‘ಬರ್ತೀನಿ’ ಆಗುತ್ತದೆ; ದೊಡ್ಡಬಳ್ಳಾಪುರದ ಹಳ್ಳಿಯಲ್ಲಿ ‘ಬತ್ತೀನಿ’ ಆಗುತ್ತದೆ. ‘ಇದೆ’ ಎಂದು ಕಲಿತವನಿಗೆ ‘ಐತೆ’ ಕೇಳುತ್ತದೆ. ವಿಲಿಯಂ ಬ್ರೈಟ್ 1958ರಲ್ಲಿ ಪ್ರಕಟಿಸಿದ ಆಡುಗನ್ನಡದ ರೂಪರೇಖೆ ಈ ಅಂತರವನ್ನು ಒಪ್ಪಿಕೊಂಡು, ಆಡುವ ಭಾಷೆಯನ್ನೇ ವಿವರಣೆಗೆ ಆರಿಸಿಕೊಂಡಿತು. 1966ರಲ್ಲಿ ವಿಲಿಯಂ ಮೆಕಾರ್ಮ್ಯಾಕ್ ಮತ್ತು ಎಂ.ಜಿ. ಕೃಷ್ಣಮೂರ್ತಿ ಅವರ ಪಠ್ಯವು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಬಂತು. ಆಡುಮಾತಿನ ಶೈಲಿಗಳನ್ನು ಕನ್ನಡ ಸಂಸ್ಕೃತಿಯ ಪರಿಚಯದೊಡನೆ ಹೊಂದಿಸಿದ್ದು ಅದರ ವೈಶಿಷ್ಟ್ಯ.

1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಸ್ಥಾಪನೆಯಾದುದು ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರು ಹತ್ತು ತಿಂಗಳ ಕಾಲ ನೆಲೆಸಿ ಕನ್ನಡ, ತಮಿಳು, ತೆಲುಗು, ಮಲಯಾಳಂಗಳಲ್ಲಿ ಒಂದನ್ನು ಕಲಿಯುವ ವ್ಯವಸ್ಥೆಯಾಯಿತು. ಕೇಳುವುದು, ಆಡುವುದು, ಓದುವುದು, ಬರೆಯುವುದು ಎಂಬ ಅನುಕ್ರಮ ಅಲ್ಲಿಯ ಬೋಧನೆಯ ತಳಹದಿ. ಎನ್.ಡಿ. ಕೃಷ್ಣಮೂರ್ತಿ ಮತ್ತು ಯು.ಪಿ. ಉಪಾಧ್ಯಾಯರ ಸಂಭಾಷಣಾ ಕನ್ನಡದ ಪಠ್ಯವು ‘ಮೈಕ್ರೋವೇವ್’ ಎಂಬ ಹೆಸರಿನ ಬೋಧನಾ ಕ್ರಮವನ್ನು ಅನುಸರಿಸಿತು. ಈ ಕ್ರಮದಲ್ಲಿ ಪ್ರತಿಯೊಂದು ಪಾಠವೂ ಒಂದು ಚಿಕ್ಕ ಅಲೆ. ಒಂದು ಪ್ರಶ್ನೆ, ಅದಕ್ಕೆ ಕೆಲವು ಉತ್ತರಗಳು. ಕಲಿತ ಕೂಡಲೇ ಅದನ್ನು ನಿಜವಾದ ಮಾತುಕತೆಯಲ್ಲಿ ಬಳಸುವುದು. ಅನಂತರವೇ ಮುಂದಿನ ಅಲೆ. ಕಲಿತದ್ದನ್ನು ಮುಂದೆಂದೋ ಬಳಸುವೆನೆಂದು ಕೂಡಿಡುವ ಹಳೆಯ ಪದ್ಧತಿಗೆ ಇದು ನೇರವಾದ ಉತ್ತರ. ಲಿಂಗದೇವರು ಹಳೆಮನೆಯವರ ‘ಕನ್ನಡ ಕಲಿ’ಯೂ ಕನ್ನಡೇತರರನ್ನೇ ಉದ್ದೇಶಿಸಿದ ಪಠ್ಯ. 2000ದಲ್ಲಿ ಬಂದ ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಬೋಧನೆಗಾಗಿ ಬರೆದ ಕೃತಿಯಲ್ಲ. ಆದರೆ ಸಂಸ್ಕೃತದ ಚೌಕಟ್ಟನ್ನು ಬಿಟ್ಟು ಕನ್ನಡದ ಸ್ವಂತ ನಡೆಯನ್ನು ನೋಡಬೇಕೆಂಬ ಅದರ ವಾದ ಬೋಧಕರಿಗೂ ಅನ್ವಯಿಸುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೂ ಸಂತೋಷದ ಬೆಳವಣಿಗೆಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿಕಲಿ’ ಪದ್ಧತಿಯು ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು, ಕಾರ್ಡು, ಹಾಡು, ಆಟ, ಕಲಿಕೆಯ ಏಣಿ ಇವುಗಳ ಮೂಲಕ ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಮುಂದುವರಿಯಲು ಅವಕಾಶ ಮಾಡಿತು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ನಲಿಯುವುದು ಮೊದಲು, ಕಲಿಯುವುದು ಅದರ ಫಲ ಎಂಬ ತತ್ತ್ವ ಆ ಹೆಸರಿನಲ್ಲಿಯೇ ಅಡಗಿದೆ.

ಬಾಶೆಟ್ಟಿಹಳ್ಳಿಯ ಸಂದರ್ಭ

1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಗಿ ರೂಪುಗೊಂಡ ಪ್ರದೇಶದಲ್ಲಿ ದೊಡ್ಡಬಳ್ಳಾಪುರ ಮಗ್ಗಗಳ ಪಟ್ಟಣ. ರೇಷ್ಮೆ ಮತ್ತು ಕೃತಕ ರೇಷ್ಮೆ ಸೀರೆಗಳ ನೇಯ್ಗೆಗೆ ಹೆಸರಾದ ಈ ಪಟ್ಟಣದಲ್ಲಿ ಕನ್ನಡ ಮತ್ತು ತೆಲುಗು ಮನೆಮಾತಿನ ನೇಕಾರರು ಜೊತೆಯಾಗಿ ಬಾಳಿದ್ದಾರೆ. ಆಂಧ್ರದ ಹಿಂದೂಪುರ ಒಂದೇ ದಾರಿಯಲ್ಲಿದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎರಡೂ ಕಡೆಯ ರೈತರು ಬರುತ್ತಾರೆ. ಚೌಕಾಸಿ ಮಾಡುವಾಗ, ಹಗ್ಗ ಬದಲಿಸುವಾಗ, ಹರಕೆ ತೀರಿಸುವಾಗ ಎರಡು ನುಡಿಗಳು ಬೆರೆಯುವುದು ಈ ಸೀಮೆಗೆ ಹೊಸತಲ್ಲ.

ದೊಡ್ಡಬಳ್ಳಾಪುರಕ್ಕೆ ದಕ್ಷಿಣದಲ್ಲಿ, ಬೆಂಗಳೂರಿನ ದಾರಿಯಲ್ಲಿರುವ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶವಾಗಿ ಬೆಳೆದ ಮೇಲೆ ಈ ಚಿತ್ರ ಬದಲಾಯಿತು. ಸಿದ್ಧ ಉಡುಪು ಮೊದಲಾದ ಉದ್ಯಮಗಳಿಗೆ ಉತ್ತರ ಕರ್ನಾಟಕ, ಆಂಧ್ರಗಳಿಂದ ಮಾತ್ರವಲ್ಲದೆ ಬಿಹಾರ, ಒಡಿಶಾ, ಜಾರ್ಖಂಡ್, ಅಸ್ಸಾಂ ಮುಂತಾದ ರಾಜ್ಯಗಳಿಂದಲೂ ದುಡಿಯುವವರು ಬಂದರು. ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾಯಿತು. ಮಗ್ಗದ ಕಾಲದ ಭಾಷಾ ಸಂಪರ್ಕ ತಲೆಮಾರುಗಳಷ್ಟು ನಿಧಾನವಾದುದು, ನೆರೆಹೊರೆಯದು. ಕಾರ್ಖಾನೆಯ ಕಾಲದ ಸಂಪರ್ಕ ವೇಗವಾದುದು. ಪಾಳಿಯ ವೇಳೆಗೂ ಬಾಡಿಗೆಯ ಕೋಣೆಗೂ ಸೀಮಿತವಾದುದು. ತನ್ನ ಊರಿನವರೊಡನೆಯೇ ಕೆಲಸ ಮಾಡಿ, ಅವರೊಡನೆಯೇ ಉಂಡು ಮಲಗುವ ಕೆಲಸಗಾರನಿಗೆ ಕನ್ನಡ ಕಿವಿಗೆ ಬೀಳುವ ಸಂದರ್ಭಗಳು ಕೆಲವೇ. ಅವುಗಳಲ್ಲಿ ಮೊದಲನೆಯದು ಮೇಲ್ವಿಚಾರಕನ ಆಜ್ಞೆ.

ಇಲ್ಲಿ ಇನ್ನೂರು ವರ್ಷಗಳ ಹಿಂದಿನ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಕಂಪನಿಯ ಅಧಿಕಾರಿ ಆಜ್ಞೆ ಕೊಡಲು ಭಾಷೆ ಕಲಿತನು. ಇಂದಿನ ಕೆಲಸಗಾರನು ಆಜ್ಞೆ ಪಾಲಿಸುತ್ತ ಭಾಷೆ ಕಲಿಯುತ್ತಾನೆ. ಇಬ್ಬರಿಗೂ ದೊರೆಯುವುದು ಭಾಷೆಯ ಒಂದೇ ತುಣುಕು: ಬಾ, ಹೋಗು, ತಗೋ, ಬೇಗ ಮಾಡು. ಇದರಿಂದ ಒಂದು ಸಾಮಾಜಿಕ ತೊಂದರೆಯೂ ಹುಟ್ಟುತ್ತದೆ. ಕಲಿಯುವವನು ತನಗೆ ಆಡಿದ ರೂಪವನ್ನೇ ತಿರುಗಿ ಆಡುತ್ತಾನೆ. ಏಕವಚನವನ್ನೇ ಕೇಳಿ ಕಲಿತವನು ಅಂಗಡಿಯ ಹಿರಿಯರನ್ನೂ ‘ಕೊಡು’ ಎಂದು ಕೇಳುತ್ತಾನೆ. ಕೇಳಿದವರಿಗೆ ಅದು ಅಹಂಕಾರವಾಗಿ ತೋರುತ್ತದೆ. ‘ಕೊಡಿ ಅಣ್ಣ’, ‘ಸ್ವಲ್ಪ ಹೇಳಿ ಅಕ್ಕ’, ‘ಬನ್ನಿ ಯಜಮಾನ್ರೆ’ ಎಂಬ ಮಾತುಗಳನ್ನು ಅವನಿಗೆ ಯಾರೂ ಆಡಲಿಲ್ಲ. ಆದುದರಿಂದ ಅವು ಅವನ ಬಳಿ ಇಲ್ಲ. ಹೊರಗಿನವರು ಕನ್ನಡ ಕಲಿಯುವುದಿಲ್ಲ, ಕಲಿತರೂ ಮರ್ಯಾದೆ ತಿಳಿಯದು ಎಂಬ ದೂರಿನ ಹಿಂದೆ ಅವರಿಗೆ ಎಂಥ ಕನ್ನಡ ಕೇಳಿಸಲಾಗಿದೆ ಎಂಬ ಪ್ರಶ್ನೆಯೂ ಇರಬೇಕು.

ಈ ಕಲಿಕೆ ಕಠಿಣವೆಂಬ ಭಾವನೆಯೂ ಪೂರ್ಣ ಸತ್ಯವಲ್ಲ. ಭಾರತ ಒಂದು ಭಾಷಿಕ ಕ್ಷೇತ್ರವೆಂದು ಎಂ.ಬಿ. ಎಮನೋ 1956ರಲ್ಲಿಯೇ ಪ್ರತಿಪಾದಿಸಿದರು. ಕರ್ತೃ, ಕರ್ಮ, ಕ್ರಿಯೆ ಎಂಬ ಪದಕ್ರಮ ಹಿಂದಿ, ಒಡಿಯಾ, ಬಂಗಾಳಿಗಳಿಗೂ ಕನ್ನಡಕ್ಕೂ ಸಮಾನ. ‘ನನಗೆ ಕನ್ನಡ ಬರುತ್ತದೆ’ ಎಂಬ ವಾಕ್ಯವನ್ನು ಹಿಂದಿಯವನು ತನ್ನ ‘ಮುಝೆ ಕನ್ನಡ ಆತೀ ಹೈ’ ಎಂಬುದರ ಪಕ್ಕದಲ್ಲಿ ಪದಕ್ಕೆ ಪದವಾಗಿ ಇಟ್ಟು ನೋಡಬಹುದು. ಹಿಂದಿಯಲ್ಲಿ ರೊಟ್ಟಿ ಸ್ತ್ರೀಲಿಂಗ, ಅಕ್ಕಿ ಪುಲ್ಲಿಂಗ. ಕನ್ನಡದಲ್ಲಿ ವಸ್ತುಗಳೆಲ್ಲ ನಪುಂಸಕ. ಇಲ್ಲಿ ಕಲಿಯುವವನ ಹೊರೆ ಕಡಿಮೆಯಾಗುತ್ತದೆ. ಒಡಿಯಾದವನಿಗೆ ‘ಳ’ಕಾರ ಮೊದಲೇ ಪರಿಚಿತ. ತೊಡಕುಗಳೂ ಗೊತ್ತಾದವೇ. ಹಿಂದಿಯಲ್ಲಿಲ್ಲದ ಎ–ಏ, ಒ–ಓ ಭೇದ. ಹಿಂದಿಯ ಒಂದೇ ‘ನಹೀಂ’ ಎಂಬುದರ ಎದುರು ಕನ್ನಡದ ಇಲ್ಲ, ಅಲ್ಲ, ಬೇಡ, ಕೂಡದು ಎಂಬ ಬೇರೆ ಬೇರೆ ನಿಷೇಧಗಳು. ‘ನಿನ್ನೆ ಬಂದ ಹುಡುಗ’ ಎಂಬಂಥ ಕೃದಂತ ರಚನೆಗಳು. ಸಾಮ್ಯಗಳಿಂದ ಆರಂಭಿಸಿ ತೊಡಕುಗಳಿಗೆ ಹೆಚ್ಚು ಕಾಲ ಕೊಡುವ ಪಠ್ಯ ಇಂಗ್ಲಿಷಿನ ಮೂಲಕ ಕನ್ನಡ ಕಲಿಸುವ ಪಠ್ಯಕ್ಕಿಂತ ಈ ಕಲಿಕೆಗಾರರಿಗೆ ಹೆಚ್ಚು ಹತ್ತಿರವಾದೀತು.

ಶಾಸನದ ನೆಲೆಯಲ್ಲಿ ಕ್ರಮಗಳಾಗಿವೆ. 1963ರ ರಾಜಭಾಷಾ ಅಧಿನಿಯಮ ಆಡಳಿತದಲ್ಲಿ ಕನ್ನಡಕ್ಕೆ ಸ್ಥಾನ ಕೊಟ್ಟಿತು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಶಾಲೆಗಳಲ್ಲಿ ಕನ್ನಡವನ್ನು ಹಂತ ಹಂತವಾಗಿ ಕಡ್ಡಾಯಗೊಳಿಸಿತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಆಡಳಿತ, ಶಿಕ್ಷಣಗಳ ಜೊತೆಗೆ ಉದ್ಯಮ ಕ್ಷೇತ್ರವನ್ನೂ ತನ್ನ ವ್ಯಾಪ್ತಿಗೆ ತಂದಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕನ್ನಡೇತರ ವಿದ್ಯಾರ್ಥಿಗಳಿಗಾಗಿ ‘ಬಳಕೆ ಕನ್ನಡ’ವನ್ನು ಪಠ್ಯವಾಗಿಸಿದೆ. ಹೀಗೆ ಶಾಲೆಯ ಮಗುವಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗೂ ತಕ್ಕ ಪಠ್ಯಗಳಿವೆ. ಇವರ ನಡುವೆ, ದಿನದ ಪಾಳಿ ಮುಗಿಸಿ ದಣಿದು ಬರುವ, ತನ್ನ ಭಾಷೆಯಲ್ಲಿಯೂ ಹೆಚ್ಚು ಓದಿರದ ವಯಸ್ಕನಿಗೆ ತರಗತಿಯ ಕಲಿಕೆ ಎಟುಕುವುದು ಕಷ್ಟ. ಕಾನೂನು ಕಲಿಕೆಯನ್ನು ಅಗತ್ಯವೆಂದು ಸಾರಬಲ್ಲದು. ಆಸೆಯನ್ನು ಹುಟ್ಟಿಸುವ ಕೆಲಸ ಅದರದಲ್ಲ.

ಅಂಥವನಿಗೆ ಅಕ್ಷರಮಾಲೆಯಿಂದ ತೊಡಗುವ ಪಾಠ ಒಗ್ಗಲಾರದು. ಮೋಗ್ಲಿಂಗನ ಗಾದೆ, ಕಿಟ್ಟೆಲನ ಛಂದಸ್ಸು, ಉಪಾಧ್ಯಾಯರ ಚಿಕ್ಕ ಅಲೆ, ನಲಿಕಲಿಯ ಹಾಡು ಇವು ನಾಲ್ಕೂ ಒಂದೇ ದಿಕ್ಕನ್ನು ತೋರಿಸುತ್ತವೆ: ಕಿವಿ ಮೊದಲು, ನಾಲಗೆ ಆಮೇಲೆ, ಕಣ್ಣು ಕೊನೆಗೆ. ಸಂತೆಯಲ್ಲಿ ತರಕಾರಿ ಕೊಳ್ಳುವುದು, ಆಸ್ಪತ್ರೆಯಲ್ಲಿ ನೋವು ಎಲ್ಲಿದೆಯೆಂದು ಹೇಳುವುದು, ಬಸ್ಸಿನಲ್ಲಿ ಊರಿನ ಹೆಸರು ಕೇಳುವುದು, ಯಂತ್ರದ ಬಳಿ ‘ಮುಟ್ಟಬೇಡಿ’ ಎಂಬ ಎಚ್ಚರಿಕೆಯನ್ನು ತಿಳಿಯುವುದು ಇವೇ ಮೊದಲ ಪಾಠಗಳಾಗಬೇಕು. ಕೊನೆಯದು ಜೀವದ ಪ್ರಶ್ನೆಯೂ ಹೌದು.

ಉಪಸಂಹಾರ

ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿತವರ ಚರಿತ್ರೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಅಧಿಕಾರಕ್ಕಾಗಲಿ ಅನಿವಾರ್ಯತೆಗಾಗಲಿ ಕಲಿತ ಭಾಷೆ ಆ ಸಂದರ್ಭವನ್ನು ದಾಟಿ ಬೆಳೆಯುವುದು ವಿರಳ. ಹಾಡು, ಗಾದೆ, ಕಥೆ, ಸಲ್ಲಾಪಗಳ ಮೂಲಕ ಬಂದ ಭಾಷೆ ತಾನಾಗಿ ಬೆಳೆಯುತ್ತದೆ. ಎರಡು, ಬರೆಹದ ಶಿಷ್ಟರೂಪಕ್ಕಿಂತ ಮೊದಲು ಆ ಸೀಮೆಯ ಆಡುಮಾತಿಗೆ ಕಿವಿ ಹೊಂದಿಕೊಳ್ಳಬೇಕು. ‘ಬತ್ತೀನಿ’ ಎಂದು ಕಲಿತವನು ಮುಂದೆ ‘ಬರುತ್ತೇನೆ’ ಎಂದು ಓದಬಲ್ಲನು. ಓದಿನಿಂದ ಮಾತ್ರ ತೊಡಗಿದವನಿಗೆ ಬೀದಿಯ ಮಾತು ಬಹುಕಾಲ ಅಪರಿಚಿತವಾಗಿಯೇ ಉಳಿಯುತ್ತದೆ. ಮೂರು, ಕಲಿಕೆ ಕಲಿಯುವವನೊಬ್ಬನ ಹೊಣೆಯಲ್ಲ. ಕಿಟ್ಟೆಲನ ನಿಘಂಟಿನ ಹಿಂದೆ ಪದ ಹೇಳಿಕೊಟ್ಟ ಹೆಸರಿಲ್ಲದ ನೂರಾರು ಕನ್ನಡಿಗರಿದ್ದಾರೆ. ತಡವರಿಸಿದ ಮಾತಿಗೆ ನಗದೆ, ಬೇರೆ ಭಾಷೆಗೆ ಜಾರದೆ, ಇನ್ನೊಮ್ಮೆ ಹೇಳಿಕೊಡುವಷ್ಟು ತಾಳ್ಮೆ ಅವರಲ್ಲಿತ್ತು.

ಬಾಶೆಟ್ಟಿಹಳ್ಳಿಯ ಕೆಲಸಗಾರನಿಗೆ ಬೇಕಾದ ಕಲಿಕೆಯ ಪುಸ್ತಕವನ್ನು ಸಿದ್ಧಪಡಿಸುವುದು ವಿಶ್ವವಿದ್ಯಾಲಯಗಳಿಗೂ ಅಕಾಡೆಮಿಗಳಿಗೂ ಅಸಾಧ್ಯವಾದ ಕೆಲಸವಲ್ಲ. ಮೆಕೆರೆಲನ ಕಾಲದಿಂದ ಸಂಗ್ರಹವಾದ ಅನುಭವ ಕೈಯಲ್ಲಿದೆ. ಆ ಪುಸ್ತಕದ ಮೊದಲ ವಾಕ್ಯ ಆಜ್ಞಾರ್ಥದ ಏಕವಚನವಾಗಿರದೆ, ‘ಊಟ ಆಯ್ತಾ ಅಣ್ಣ?’ ಎಂಬಂಥ ವಿಚಾರಣೆಯ ಮಾತಾಗಿರಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಎದುರಾದವರನ್ನು ಜನ ಮಾತನಾಡಿಸುವುದು ಹಾಗೆಯೇ. ಅದಕ್ಕೆ ಉತ್ತರಿಸಬಲ್ಲವನು ಮಾತುಕತೆಯಲ್ಲಿ ಪಾಲುಗಾರನಾಗುತ್ತಾನೆ. ಮುಂದಿನ ಪಾಠಗಳನ್ನು ಊರೇ ಕಲಿಸುತ್ತದೆ.